ಏಳು ಗಂಟೆಯ ಸೋಬಾನೆ

"ಏನವ್ವಾ, ಯಾವೂರ ಬ್ಯಾಟ್ರಿ ಇದು?"

ಅಂಗಡಿಯವನು ಕೇಳಿದ್ದು ಇಷ್ಟೇ. ಆದರೆ ನಂಜಿ ತಟ್ಟನೆ ತಲೆ ಎತ್ತಿ ನೋಡಿದಳು.

ಈ ದನಿ... ಇದೇ ದನಿ!

ಅವಳ ಕೈ ಸಡಿಲವಾಯಿತು. ಬ್ಯಾಟರಿಯ ಇನ್ನೊಂದು ತುದಿ ಹಿಡಿದಿದ್ದ ಅತ್ತೆ ಬೀರಮ್ಮ ಕಿರುಚಿದಳು. "ಅಯ್ಯೋ, ನನ್ ಕಾಲ್ ಮೇಲೆ ಆಕ್ಬುಟ್ಯಲ್ಲೇ!"

ಅವರ ಊರು ಪೂರಿಗಾಲಿಯ ಚಾವಡಿಯ ರೇಡಿಯೋಗೆ ಬ್ಯಾಟರಿ ಚಾರ್ಜು ಮಾಡಿಸಿ ತರುವುದು ಚಾವಡಿ ನೋಡಿಕೊಳ್ಳುವ ಮಾದಯ್ಯನ ಕೆಲಸ. ಅವನಿಗೆ ಮಂಡಿನೋವು ಅಂತ ಈ ಗುರುವಾರ ಅತ್ತೆ ಸೊಸೆ ಮಳವಳ್ಳಿಗೆ ಬಂದಿದ್ದರು. ನಂಜಿಗೆ ಈಗ ಬ್ಯಾಟರಿಯೂ ಕಾಣಲಿಲ್ಲ, ಅತ್ತೆಯ ಕಾಲೂ ಕಾಣಲಿಲ್ಲ.

"ಸುಕ್ರವಾರ ಸಂಜೆ ರೇಡಿಯೋದಾಗೆ ಬಡ್ಕೊಳೋನು ನೀನೇ ಅಲ್ವಾ?"

ಅವನ ಮುಖ ಬಿಳಿಚಿಕೊಂಡಿತು. ಎದುರಿನ ಹೋಟೆಲಿನಲ್ಲಿ ಪೊಲೀಸಿನವನೊಬ್ಬ ಕಾಫಿ ಹೀರುತ್ತಿದ್ದ. ಅಂಗಡಿಯವನು ಮೆಲ್ಲಗೆ ಬಾಗಿಲನ್ನು ಅರ್ಧ ಮುಂದೆ ಮಾಡಿದ.

"ಮೆತ್ತಗೆ ಮಾತಾಡವ್ವ... ಲೈಸೆನ್ಸಿಲ್ದ ರೇಡಿಯೋ ಅದು. ಸಿಕ್ಕಾಕ್ಕೊಂಡ್ರೆ ಜೈಲು."

"ಓಗು! ನನ್ ಬಾಯ್ ಮುಚ್ಚಿಸ್ದೋನು ಜೈಲ್ಗಾದ್ರೂ ಓಗು!"

ಹೇಳುತ್ತಲೇ ಅವಳ ಕಣ್ಣು ತುಂಬಿ ಬಂತು.

ಪಾಪ, ಅವಳಿಗಾದರೂ ಉಳಿದದ್ದೇನು? ನಂಜಿ, ಅಂದರೆ ಚಿಕ್ಕನಂಜಮ್ಮ, ಸೋಬಾನೆ ಹೇಳಿದರೆ ಮದುವೆ ಚಪ್ಪರಕ್ಕೇ ಕಳೆ ಎನ್ನುತ್ತಿದ್ದ ಊರು ಅದು. ಗಂಡ ಜ್ವರದಲ್ಲಿ ತೀರಿಕೊಂಡ. ಹಣೆಯ ಕುಂಕುಮ ಹೋಯಿತು. ಅದಾದ ಮೇಲಿನ ಮೊದಲ ಮದುವೆಯಲ್ಲಿ, ಜೊತೆಗೆ ಹಾಡುತ್ತಿದ್ದ ಗೆಳತಿಯರೇ "ಒಳೀಕೆ ಓಗು ನಂಜಿ, ಸುಭಕಾರ್ಯ" ಎಂದರು. ಮುತ್ತೈದೆಯರ ಪದವನ್ನು ಗಂಡ ಸತ್ತವಳು ಹೇಳಬಾರದಂತೆ!

ಇನ್ನೂ ಎಳೆ ವಯಸ್ಸು... ಅಂದಿನಿಂದ ಅವಳು ಹಾಡಿದ್ದು ಕೊಟ್ಟಿಗೆಯ ಎಮ್ಮೆಯ ಮುಂದೆ ಮಾತ್ರ. ಎಮ್ಮೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಎಮ್ಮೆ ಎಮ್ಮೆಯೇ ತಾನೆ?

ಆಗ ಮೈಸೂರಿನ ರೇಡಿಯೋದವರು ಹಳ್ಳಿ ಪದ ಹೇಳುವವರನ್ನು ಹುಡುಕಿಕೊಂಡು ಬಂದರು. ಕಳಿಸಿದವಳು ಬೀರಮ್ಮನೇ. "ಓಗು ಕಣೇ. ರೇಡಿಯೋಕ್ಕೆ ಕಣ್ಣಿಲ್ಲ, ನಿನ್ ಅಣೆ ನೋಡಾಕಿಲ್ಲ."

ಶುಕ್ರವಾರ ಸಂಜೆ ಏಳಕ್ಕೆ ನಂಜಿಯ ಸೋಬಾನೆ. ಚಾವಡಿಯ ಮುಂದೆ ಊರೇ ಸೇರುತ್ತಿತ್ತು. ಒಳಗೆ ಹೋಗು ಎಂದವರೂ ಬಂದು ಕೂರುತ್ತಿದ್ದರು. ವಾರಕ್ಕೊಂದು ಸಂಜೆ ಅವಳು ಬದುಕುತ್ತಿದ್ದಳು, ಉಳಿದ ದಿನ ಆ ಸಂಜೆಗೆ ಕಾಯುತ್ತಿದ್ದಳು.

ಅದು ನಲವತ್ತೆರಡನೇ ಇಸವಿ. ಚಳವಳಿ ಎದ್ದು ನಾಯಕರೆಲ್ಲ ಜೈಲು ಸೇರಿದ್ದರು, ಪತ್ರಿಕೆಗಳಿಗೆ ಬೀಗ ಬಿದ್ದಿತ್ತು. ಆಗಲೇ ಶುರುವಾಯಿತು ಈ ಕಳ್ಳ ರೇಡಿಯೋ. ನಂಜಿಯ ಹಾಡಿನ ಮೇಲೆಯೇ ಒಬ್ಬ ಗಂಡಸು ಮಾತಾಡತೊಡಗಿದ! ಯಾವ ಊರಲ್ಲಿ ಯಾರನ್ನು ಹಿಡಿದರು, ಯಾರಿಗೆ ಏಟು ಬಿತ್ತು... ಮೈಯಲ್ಲಿ ಹುಷಾರಿಲ್ಲದೆ ಮೈಸೂರಿಗೆ ಹೋಗದ ಒಂದು ಶುಕ್ರವಾರ ಅವಳೇ ಚಾವಡಿಯಲ್ಲಿ ಕೂತು ಕೇಳಿದ್ದಳು. ಕೊನೆಗೆ ಆ ದನಿ, "ಯಾರಾದ್ರೂ ಕೇಳ್ತಾ ಇದ್ದೀರೇನ್ರಪ್ಪಾ?" ಎಂದಿತು. ಉತ್ತರಕ್ಕೆ ಕಾಯುವವರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದು ನಿಂತುಹೋಯಿತು.

ರೇಡಿಯೋ ನಿಲಯದ ದೊಡ್ಡವರು ಹೋದ ವಾರ ಹೇಳಿಬಿಟ್ಟಿದ್ದರು. "ನಿಮ್ಮ ಕಡೆ ಯಾರಿಗೂ ನಿನ್ನ ಹಾಡು ಕೇಳಿಸ್ತಿಲ್ಲವಂತಮ್ಮ. ಈ ಶುಕ್ರವಾರವೂ ಹೀಗೇ ಆದರೆ ನಿಲ್ಲಿಸಿಬಿಡ್ತೀವಿ."

ನಿಂತರೆ... ಮತ್ತೆ ಎಮ್ಮೆ!

"ನನ್ ಪದದ್ ಮೇಲೇ ಯಾಕ್ ಬೀಳ್ತೀಯ? ಬೇರೆ ಜಾಗ ಸಿಗ್ನಿಲ್ವಾ ನಿಂಗೆ?"

ಅವನು ಕಣ್ಣು ಮಿಟುಕಿಸದೆ ನೋಡಿದ. "ಪೂರಿಗಾಲಿ ಚಿಕ್ಕನಂಜಮ್ಮ... ನೀವಾ?"

ಅವನ ಹೆಸರು ಸಿದ್ದರಾಜು, ಆತಗೂರಿನವನು.

"ಸರ್ಕಾರದೋರು ಊರೂರ ರೇಡಿಯೋ ತಿರುಪ್ನ ಮೈಸೂರಿಗೇ ಬಿಗಿದ್ಬುಟ್ಟವ್ರೆ, ಬೇರೆ ಕಡೆ ಮಾತಾಡಿದ್ರೆ ಒಬ್ರಿಗೂ ಕೇಳ್ಸಾಕಿಲ್ಲ. ಆದ್ರೆ ನಿಮ್ ಪದದ್ ಮೇಲೆ ನಾನ್ ಯಾಕ್ ಬೀಳ್ಲಿ? ಆರಕ್ ಸುರು ಮಾಡಿ ಏಳರೊಳ್ಗೆ ಮುಗಿಸ್ಬುಡ್ತೀನಿ. ಏಳಕ್ಕೆ ನಿಮ್ ಪದ. ಆಗ ನಾನು ಉಸ್ರೂ ಬುಡಾಕಿಲ್ಲ!"

"ಸುಳ್ಳು!"

ಅವನು ಗೋಡೆಯ ಗಡಿಯಾರ ತೋರಿಸಿದ. ಮೈಸೂರಿನ ನಿಲಯದಲ್ಲಿ ಗಡಿಯಾರ ನೋಡಲು ಕಲಿತಿದ್ದ ನಂಜಿ ಎದುರಿನ ಹೋಟೆಲಿನ ಗಡಿಯಾರವನ್ನೂ ನೋಡಿ ಹುಬ್ಬು ಗಂಟಿಕ್ಕಿದಳು. "ಇದು ಒಂದ್ ಗಂಟೆ ಇಂದ್ಕೈತಲ್ಲ?"

"ಇದು ನಮ್ ಅಳೇ ಟೈಮು. ಯುದ್ಧಕ್ಕೆ ಅಂತ ಬಿಳೀರು ಎಲ್ಲಾ ಗಡಿಯಾರಾನೂ ಒಂದ್ ಗಂಟೆ ಮುಂದಕ್ ತಳ್ಳಿದ್ರು. ನಾನ್ ಮಾತ್ರ ಮುಟ್ನಿಲ್ಲ. ಅವರ್ ಟೈಮು ಅವರ್ ರೈಲಿಗೆ ಇರ್ಲಿ ಅಂತ..." ಮಾತು ಅಲ್ಲೇ ನಿಂತಿತು. "ರೇಡಿಯೋದೋರಿಗೂ ಒಸಾ ಟೈಮಾ?"

"ಊಂ."

ಅವನ ಆರು ಗಂಟೆಯೇ ಅವಳ ಏಳು ಗಂಟೆ! ಹಟದಿಂದ ಮುಳ್ಳು ಮುಟ್ಟದ ಪುಣ್ಯಾತ್ಮ ವಾರವಾರವೂ ಅವಳ ಹಾಡಿನ ಮೇಲೆಯೇ ಕೂತಿದ್ದ.

"ಒಂದಿನಾನಾದ್ರೂ ರೇಡಿಯೋ ಆಕಿ ಕೇಳಿದ್ರೆ ಗೊತ್ತಾಗ್ತಿರ್ನಿಲ್ವಾ?"

ಅವನು ಮೂಲೆಯಲ್ಲಿದ್ದ ರೇಡಿಯೋದ ಹಿಂಬದಿ ತೆಗೆದು ತೋರಿಸಿದ. ಚೆಂದದ ಮರದ ಪೆಟ್ಟಿಗೆ, ಒಳಗೆ ಬರೀ ಖಾಲಿ.

"ಇದ್ರ ವಾಲ್ವು ಕಿತ್ತೇ ಆ ಮಾತಾಡೋ ರೇಡಿಯೋ ಮಾಡಿರೋದು. ಮಾತಾಡೋಕೋಸ್ಕರ ಕೇಳೋದ್ನೇ ಬುಟ್ಟೆ. ಏಳಾದ್ಮೇಲೆ ಈ ಖಾಲಿ ಪೆಟ್ಗೆ ಮುಂದೆ ಕೂತ್ಕೋತೀನಿ... ಈಗ ಅವ್ರು ಪದ ಏಳ್ತಾವ್ರೆ ಅಂದ್ಕೊಂಡು."

ನಂಜಿಗೆ ಬೈಯಲು ಇನ್ನೂ ಬೇಕಾದಷ್ಟಿತ್ತು. ಆದರೆ ಆ ಖಾಲಿ ಪೆಟ್ಟಿಗೆ ನೋಡಿ 'ನನ್ ಅಂಗೇ ಇವ್ನೂ ಒಬ್ನೇ...' ಎಂದುಕೊಂಡಳು.

"ಎಂಡ್ರು ಮಕ್ಳು?" ಎಂದು ಬೀರಮ್ಮ ಕಾಲು ಉಜ್ಜಿಕೊಳ್ಳುತ್ತಲೇ ಕೇಳಿದಳು.

"ಇಲ್ಲವ್ವ. ಜೈಲಿಗೋಗೋನ್ಗೆ ಯಾರ್ ಎಣ್ ಕೊಟ್ಟಾರು?"

ಬೀರಮ್ಮ ಇಬ್ಬರ ಮುಖವನ್ನೂ ನೋಡಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಮರುದಿನ ನಂಜಿ ಮೈಸೂರಿನಲ್ಲಿ ಹಾಡಿದಳು. ಶನಿವಾರ ಬಸ್ಸಿಳಿಯುತ್ತಲೇ ಮಾದಯ್ಯ ಕುಂಟಿಕೊಂಡು ಎದುರು ಬಂದ. "ನಂಜವ್ವ, ನಿನ್ ಪದ ಪೂರಾ ಕೇಳಿಸ್ತು ಕಣವ್ವ!"

"ಆ ಕಳ್ಳ ರೇಡಿಯೋ?"

"ಬರ್ಲೇ ಇಲ್ಲ. ಮುಂಚೇನೂ ಇಲ್ಲ, ಆಮೇಲೂ ಇಲ್ಲ."

ಅವಳ ಹಾಡು ಉಳಿದಿತ್ತು. ಕುಣಿಯಬೇಕಿತ್ತು ಅವಳು. ಆದರೆ ಎದೆಯೊಳಗೆ ಏನೋ ಬರಿದಾದಂತಾಯಿತು. ಸಿಕ್ಕಿಬಿದ್ದನೇ? ತಾನು ಕೂಗಾಡಿದ್ದು ಆ ಪೊಲೀಸಿನವನ ಕಿವಿಗೆ ಬಿತ್ತೇ? ಅಯ್ಯೋ, ಜೈಲಿಗೆ ಹೋಗು ಅಂದೆನಲ್ಲ!

ಬೆಳಗಾಗುತ್ತಲೇ ಚಾವಡಿಯ ಬ್ಯಾಟರಿ ಎತ್ತಿಸಿದಳು.

"ಮೊನ್ನೆ ತಾನೇ ಚಾರ್ಜ್ ಆಗೈತಲ್ಲೇ?" ಎಂದಳು ಬೀರಮ್ಮ.

"ಯಾಕೋ ಸರಿಯಾಗಿಲ್ಲ ಅತ್ತೆ..."

"ಯಾವ್ದು ಸರಿಯಾಗಿಲ್ಲ ಅಂತ ನಂಗ್ ಗೊತ್ತು ಕಣೇ. ನಡಿ."

ಅಂಗಡಿಯ ಬಾಗಿಲು ಅರ್ಧ ಹಾಕಿತ್ತು. ಒಳಗೆ ರೇಡಿಯೋ ಹಾಡುತ್ತಿತ್ತು. ಅದರ ಮುಂದೆ ಕೂತಿದ್ದ ಸಿದ್ದರಾಜು ಇವಳನ್ನು ಕಂಡು ಎದ್ದು ನಿಂತ.

"ಯಾಕ್ ಮಾತಾಡ್ನಿಲ್ಲ? ಜೀವ ಬಾಯಿಗ್ ಬಂದಿತ್ತು ನಂಗೆ!"

"ವಾಲ್ವು ವಾಪಸ್ ಆಕ್ಬುಟ್ಟೆ. ಒಂದ್ ಸಲ ನಿಮ್ ಪದ ಕೇಳ್ಬೇಕು ಅನ್ನಿಸ್ತು... ಮಾತಾಡಿದ್ರೆ ಕೇಳೋಂಗಿಲ್ಲ, ಕೇಳಿದ್ರೆ ಮಾತಾಡೋಂಗಿಲ್ಲ. ಎರಡೂ ಆಗಾಕಿಲ್ಲ ನಂಗೆ."

ನಂಜಿಯ ಕಣ್ಣು ಗೋಡೆಗೆ ಹೋಯಿತು. ಗಡಿಯಾರದ ಮುಳ್ಳು ಒಂದು ಗಂಟೆ ಮುಂದೆ ಬಂದಿತ್ತು!

"ಬಿಳೀರ್ ಟೈಮು?"

"ಅಲ್ಲ," ಎಂದ ಅವನು ತಲೆ ತಗ್ಗಿಸಿ. "ನಿಮ್ ಟೈಮು."

ಅವಳಿಗೆ ಅಳು ತಡೆಯಲಾಗಲಿಲ್ಲ. "ನಮ್ಮೂರ್ ಚಿಕ್ಕಬೋರಯ್ಯನ್ ಮಗ ಯಾವ್ ಜೈಲಾಗವ್ನೆ ಅಂತ ನಿಮ್ ಬಾಯಿಂದ್ಲೇ ತಿಳೀಬೇಕು. ಯಾರಾದ್ರೂ ಕೇಳ್ತಾ ಇದ್ದೀರಾ ಅಂತೀರಲ್ಲ... ಕೇಳ್ತಾವ್ರೆ. ನಾನೂ ಕೇಳ್ದೆ. ಆ ವಾಲ್ವು ಕಿತ್ಬುಡಿ. ಏಳಕ್ ಮುಂಚೆ ಮಾತಾಡಿ."

"ಅಂಗಾದ್ರೆ ನಿಮ್ ಪದ? ಮತ್ತೆ ಖಾಲಿ ಪೆಟ್ಗೆ ಮುಂದೆ ಕೂತ್ಕೊಳ್ಳಾ?"

"ನನ್ ಪದ ಕೇಳಾಕೆ ನಿಮ್ಗೆ ಪೆಟ್ಗೆ ಯಾಕ್ ಬೇಕು?" ಅವಳ ದನಿ ತೀರ ಇಳಿಯಿತು. "ನಾನೇ ಇರಾಕಿಲ್ವಾ... ಇಲ್ಲಿ?"

ಸಿದ್ದರಾಜು ಕೈ ಚಾಚಿ ರೇಡಿಯೋ ಆರಿಸಿದ.

ಹೊಸಿಲ ಹತ್ತಿರ ಬ್ಯಾಟರಿಯ ಮೇಲೆ ಕೂತಿದ್ದ ಬೀರಮ್ಮ ಕೆಮ್ಮಿದಳು. "ನಾನೇನ್ ಕಿವುಡಿ ಅಲ್ಲ ಕಣ್ಲಾ. ಲಗ್ನ ಯಾವಾಗ ಅಂತ ಏಳು. ಜನ ಬಾಯಿಗ್ ಬಂದಂಗ್ ಆಡ್ಕೊಳ್ಳಿ, ನನ್ ಸೊಸೆ ಎಮ್ಮೆ ಮುಂದೆ ಪದ ಏಳಿದ್ದು ಸಾಕು."

ನಂಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. ಎಷ್ಟು ದಿನವಾಗಿತ್ತೋ ಅವಳು ನಕ್ಕು!

"ನಂಜಿ..." ಮೊದಲ ಸಲ ಹಾಗೆ ಕರೆದ ಸಿದ್ದರಾಜು. "ನಮ್ ಮದ್ವೇಲಿ ಸೋಬಾನೆ ಯಾರ್ ಏಳ್ತಾರೆ? ನಿಮ್ಮೂರ್ ಎಂಗಸ್ರು ಬರಾಕಿಲ್ವಲ್ಲ."

"ನಾನೇ ಏಳ್ತೀನಿ."

"ಮದುವಣಗಿತ್ತೀನೇನಾ?"

"ಊಂ. ನೀವು ಮಾತ್ರ ಆಗ ನಡುವೆ ಮಾತಾಡ್ಬೇಡಿ."

"ಉಸ್ರೂ ಬುಡಾಕಿಲ್ಲ," ಎಂದ ಸಿದ್ದರಾಜು.