ಮೂವತ್ತೊಂದು ಕೂಗು

ಹನ್ನೊಂದು ಗಂಟೆಗೆ ಸರಿಯಾಗಿ ಯಂತ್ರ ಕೂಗಿತು. ಕಪ್ಪೆಯ ವಟಗುಟ್ಟುವಿಕೆಯಂತೆಯೂ ನಾಯಿಮರಿಯ ನರಳಾಟದಂತೆಯೂ ಕೇಳಿಸುವ ಸಣ್ಣ ಸದ್ದು, ಮೂರು ಸಲ. ಗಾಜಿನ ಪೆಟ್ಟಿಗೆಯ ಮರಳಿನಲ್ಲಿ ಸಾಲಾಗಿ ಇಟ್ಟಿದ್ದ ಮೊಸಳೆ ಮೊಟ್ಟೆಗಳು ಒಳಗಿನಿಂದಲೇ ಉತ್ತರ ಕೊಟ್ಟವು. ಸ್ವಲ್ಪ ಹೊತ್ತಿಗೆ ಮೊದಲ ಚಿಪ್ಪು ಸೀಳಿತು, ಅದರ ಹಿಂದೆಯೇ ಉಳಿದವು. ಸಭಾಂಗಣದಲ್ಲಿದ್ದ ಮುನ್ನೂರು ಮಕ್ಕಳು ಚಪ್ಪಾಳೆ ತಟ್ಟಿದರು.

ಇದು ಅಂಡಧ್ವನಿ ಯಂತ್ರ. ಕೃಷ್ಣಾ ನದಿಯ ದಂಡೆಯ ಮೇಲಿನ ಆ ಸರೀಸೃಪ ವನಕ್ಕೆ ದೂರದ ಊರುಗಳಿಂದ ಜನ ಬರುತ್ತಿದ್ದುದು ಇದನ್ನು ನೋಡಲೆಂದೇ. ಮೊಸಳೆಯ ಮರಿ ಚಿಪ್ಪು ಒಡೆಯುವ ಮೊದಲು ಒಳಗಿನಿಂದ ಕೂಗುತ್ತದೆ. ಅದನ್ನು ಕೇಳಿ ಪಕ್ಕದ ಮೊಟ್ಟೆಗಳ ಮರಿಗಳೂ ಹೊರಬರಲು ಸಿದ್ಧವಾಗುತ್ತವೆ. ತಾಯಿ ಬಂದು ಗೂಡಿನ ಮಣ್ಣು ಅಗೆದು, ಮರಿಗಳನ್ನು ಬಾಯಲ್ಲಿ ಹಗುರಾಗಿ ಹಿಡಿದು ನೀರಿಗೆ ಒಯ್ಯುತ್ತದೆ. ಇಷ್ಟು ಮೊದಲಿನಿಂದಲೂ ತಿಳಿದ ಸಂಗತಿ. ವಿಜ್ಞಾನಿ ಡಾ. ವಸುಧಾ ಕಟ್ಟೀಮನಿಯವರು ಆ ಕೂಗನ್ನು ಯಂತ್ರದಿಂದ ಹೊರಡಿಸಿದರು. ದಿನ ತುಂಬಿದ ಮೊಟ್ಟೆಗಳಿಗೆ ಅದನ್ನು ಕೇಳಿಸಿದರೆ ಹೇಳಿದ ಹೊತ್ತಿಗೆ ಮರಿಗಳು ಹೊರಬರುತ್ತವೆ. ಯಂತ್ರದಲ್ಲಿ ಎರಡು ಭಾಗಗಳಿದ್ದವು. 'ಕೊರಳು' ಕೂಗುತ್ತದೆ. 'ಕಿವಿ' ಮೊಟ್ಟೆಗಳ ಒಳಗಿನ ದನಿಗಳನ್ನು ಆಲಿಸಿ, ಎಷ್ಟು ಮರಿಗಳು ಕೂಗುತ್ತಿವೆ ಎಂದು ಫಲಕದ ಮೇಲೆ ತೋರಿಸುತ್ತದೆ. ಏಪ್ರಿಲಿನಿಂದ ಜೂನ್‌ವರೆಗೆ ದಿನಕ್ಕೆ ಎರಡು ಪ್ರದರ್ಶನ. ಸರದಿಯಲ್ಲಿ ನಿಂತವರಿಗೂ ಕೇಳಲೆಂದು ಹೊರಗೆ ಧ್ವನಿವರ್ಧಕಗಳನ್ನು ಹಾಕಿದ್ದರು.

ಕಲ್ಲಗೋನಾಳದ ಶಾಲೆಯ ಬಸ್ಸು ಬಂದು ನಿಂತಾಗ ಹನ್ನೆರಡಾಗಿತ್ತು. ಇಪ್ಪತ್ತೆರಡು ಮಕ್ಕಳನ್ನು ಇಳಿಸಿಕೊಂಡು ಶಿಕ್ಷಕಿ ರುದ್ರಮ್ಮ ಹೂಗಾರ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನ ಮಕ್ಕಳು ಹೊರಬರುತ್ತಿದ್ದರು.

"ಮುಗೀತಲ್ರಿ ಅಕ್ಕೋರ," ಎಂದರು ವಸುಧಾ. "ಇನ್ನ ಮೂರು ಗಂಟೆದು ಐತಿ. ಅದು ಬ್ಯಾರೆ ಸಾಲಿಯವ್ರಿಗೆ ಕೊಟ್ಟಾಗೈತಿ. ಕುಂದ್ರಾಕ ಜಾಗಾ ಇಲ್ಲ."

"ಗಾಲಿ ಪಂಚರ್ ಆತ್ರಿ ಮೇಡಮ್ಮರ. ಅದು ಈ ಹುಡುಗರ ತಪ್ಪೇನ್ರಿ?" ರುದ್ರಮ್ಮನವರ ದನಿ ತಗ್ಗಿತ್ತು, ಆದರೆ ಅವರು ಬಾಗಿಲು ಬಿಟ್ಟು ಕದಲಲಿಲ್ಲ. "ಸೂಟಿ ಬಿಡೂ ಮೊದಲ ಮಾತು ಕೊಟ್ಟೇನಿ, ಮೊಟ್ಟಿ ಒಡದು ಮರಿ ಬರೂದು ತೋರಸ್ತೀನಿ ಅಂತ. ಪ್ಯಾಟಿ ಮಕ್ಕಳು ನೋಡ್ಕೊಂಡು ಹೋದ್ರು. ನಮ್ಮವು ಹಾವು ನೋಡಿ ಮನಿಗೆ ಹೋಗಬೇಕಂದ್ರ, ಹಾವು ನಮ್ಮ ಹೊಲದಾಗ ಇಲ್ಲೇನ್ರಿ?"

ವಸುಧಾ ನಕ್ಕರು. ಅವರೂ ಅಂಥದೇ ಶಾಲೆಯಲ್ಲಿ ಕಲಿತವರು. ಮಾತು ಎಲ್ಲಿ ತಾಗಬೇಕಿತ್ತೋ ಅಲ್ಲೇ ತಾಗಿತ್ತು.

"ಹಿಂದಿನ ಕೊಳದ ದಂಡಿಗೆ ಒಂದು ಗೂಡು ಐತ್ರಿ," ಎಂದರು. "ಮೊಟ್ಟಿ ಇಟ್ಟ ದಿನಾನ ನಾವು ಎತ್ತಿ ಒಳಗ ಇಡ್ತೀವಿ. ಇದೊಂದು ಕಣ್ಣಿಗೆ ಬಿದ್ದಿದ್ದಿಲ್ಲ, ನಿನ್ನೆ ಸಿಕ್ತು. ಇವತ್ತ ಮರಿ ಆಗ್ತಾವ. ಈಗ ಎತ್ತಬೇಕಂತ ಮಾಡಿದ್ವಿ, ಬ್ಯಾಡ ಬಿಡ್ರಿ. ಕೊರಳಿನ ಕೆಲಸಾನ ಇಲ್ಲ. ತಾಯಿನ ಬಂದು ತಗೀತಾಳ. ಆ ಮುನ್ನೂರು ಮಕ್ಕಳಿಗೆ ಕಾಣದ್ದು ನಿಮ್ಮ ಇಪ್ಪತ್ತೆರಡಕ್ಕ ಕಾಣ್ತೈತಿ."

ಮೊಸಳೆಗಳನ್ನು ನೋಡಿಕೊಳ್ಳುತ್ತಿದ್ದ ಅಂಬಿಗೇರ ದುರಗಪ್ಪ ಗುದ್ದಲಿ, ಬುಟ್ಟಿ ಹಿಡಿದು ಹೊರಟಿದ್ದವನು ನಿಂತ. "ಎತ್ತಿಬಿಡೂಣ್ರಿ ಮೇಡಮ್ಮರ. ಆಕಿ ಈಗ ಮೊದಲಿನಂಗ ಇಲ್ಲ."

"ಗೂಡಿನ ಬಾಜೂಕ ಮಲಗ್ಯಾಳಲ್ಲ, ದುರಗಪ್ಪ."

"ಮಲಗ್ಯಾಳ್ರಿ," ಎಂದು ದುರಗಪ್ಪ ಗುದ್ದಲಿ ಕೆಳಗಿಟ್ಟ.

ಮಕ್ಕಳು ಬೇಲಿಯ ಹೊರಗಿನ ಕಟ್ಟೆಯ ಮೇಲೆ ಕುಳಿತರು. ಬಿಸಿಲಿಗೆ ಒಣಗಿ ಬಿರುಸಾದ ಎರೆಮಣ್ಣಿನ ದಿಬ್ಬವೇ ಗೂಡು, ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ತಾಯಿ ಮೊಸಳೆ. ಗೂಡಿನ ಪಕ್ಕ ಹಿಂದಿನ ದಿನವೇ ನೆಟ್ಟಿದ್ದ ಯಂತ್ರದ ಕಿವಿ ಒಳಗಿನ ದನಿಗಳನ್ನು ಹಿಡಿದು ಚಿಕ್ಕ ಪೆಟ್ಟಿಗೆಯಿಂದ ಕೇಳಿಸತೊಡಗಿತು. ಒಂದು, ಏಳು, ಹತ್ತೊಂಬತ್ತು. ಒಂದು ಗಂಟೆಯ ಹೊತ್ತಿಗೆ ಫಲಕದ ಮೇಲೆ ಮೂವತ್ತೊಂದು ಎಂದು ಮೂಡಿತು.

"ಅಕ್ಕೋರ, ಏನಂತಾವ್ರಿ ಅವು?" ಎಂದಳು ಮೂರನೇ ತರಗತಿಯ ಶರಣವ್ವ.

"'ಯವ್ವಾ, ಬಾ' ಅಂತಾವ."

ತಾಯಿ ಅಲುಗಲಿಲ್ಲ.

"ನಮ್ಮವ್ವನೂ ಹಿಂಗ," ಎಂದ ಹುಸೇನಬಾಷಾ. "ಹತ್ತು ಸಲ ಕರದ್ರ ಒಮ್ಮಿ 'ಆಂ' ಅಂತಾಳ, ಅದೂ ಫೋನಿನ್ಯಾಗ ಮಾತಾಡ್ಕೋತ." ಎಲ್ಲರೂ ನಕ್ಕರು. ರುದ್ರಮ್ಮ ಗದರಿದರು, ಆಮೇಲೆ ಅವರೂ ನಕ್ಕರು.

ಎರಡು ಗಂಟೆಗೆ ಫಲಕದಲ್ಲಿ ಇಪ್ಪತ್ತಾರು ಎಂದಿತ್ತು. ಯಂತ್ರ ಕೆಟ್ಟಿತೇನೋ ಎಂದು ವಸುಧಾ ಎರಡು ಸಲ ಪರೀಕ್ಷಿಸಿದರು. ಕೆಟ್ಟಿರಲಿಲ್ಲ. ಚಿಪ್ಪಿನಿಂದ ಹೊರಬಂದ ಮರಿಗಳ ಮೇಲೆ ಒಂದು ಗೇಣು ಗಟ್ಟಿ ಮಣ್ಣಿತ್ತು. ಅದನ್ನು ಕೆದರುವ ಶಕ್ತಿ ಅವಕ್ಕಿರಲಿಲ್ಲ. ಉಸಿರುಗಟ್ಟಿ ಒಂದೊಂದೇ ದನಿ ನಿಲ್ಲುತ್ತಿತ್ತು.

"ಯಾಕ ಬರವಲ್ಲಳು?" ವಸುಧಾ ತಮಗೇ ಎಂಬಂತೆ ಕೇಳಿದರು.

ದುರಗಪ್ಪ ಮೊಸಳೆಯ ಕಡೆ ನೋಡುತ್ತಲೇ ಹೇಳಿದ: "ನೀವು ಹೊರಗ ಸ್ಪೀಕರ್ ಹಚ್ಚಿದ ಮೊದಲನೇ ವರ್ಷ, ಯಂತ್ರ ಕೂಗಿದಾಗೊಮ್ಮೆ ಆಕಿ ಓಡಿ ಬಂದು ಇಡೀ ದಂಡಿ ಕೆದರತಿದ್ಲು. ಉಗರು ಕಿತ್ತು ರಕ್ತ ಬಂದಿತ್ತು. ಬಂದು ನಿಮಗ ಹೇಳಿದ್ನಿ."

"ಎರಡನೇ ವರ್ಷ ನಿಂತಿತ್ತಲ್ಲ. ಹೊಂದಿಕೊಂಡಾಳ ಅಂತ ನಾನ ವರದಿ ಬರದೆ."

"ಹೌದ್ರಿ. ಹೊಂದಿಕೊಂಡಾಳ."

ತಾಯಿಯ ಗಾಬರಿ ನಿಂತಿತೆಂದು ಆ ವರ್ಷ ವಸುಧಾ ಸಂತೋಷಪಟ್ಟಿದ್ದರು. ದಿನಕ್ಕೆ ಎರಡು ಸಲ ಕೂಗು ಕೇಳಿ, ಎರಡು ಸಲವೂ ಬರಿಯ ಮಣ್ಣು ಅಗೆದ ಜೀವಿ ಏನನ್ನು ಕಲಿತೀತೆಂದು ಅವರು ಯೋಚಿಸಿರಲಿಲ್ಲ. ದುರಗಪ್ಪನನ್ನು ಬಿಟ್ಟರೆ ಅಲ್ಲಿ ಕೆಲಸ ಮಾಡುವ ಬೇರೆ ಯಾರೂ ಯೋಚಿಸಿರಲಿಲ್ಲ.

"ಕೈಲೆ ತಗೀರಿ ಮತ್ತ," ಎಂದರು ರುದ್ರಮ್ಮ.

"ಮರಿ ಕೂಗಾಕ ಹತ್ತಿದ ಮ್ಯಾಲ ಗೂಡು ಕಾಯೂ ಮೊಸಳಿ ಹಂತ್ಯಾಕ ಮನುಷ್ಯಾರನ್ನ ಕಳಸಾಕ ಬರೂದಿಲ್ರಿ," ಎಂದರು ವಸುಧಾ. " ಹರದು ಹಾಕ್ತೈತಿ. ಇನ್ನೊಂದು ಹತ್ತು ನಿಮಿಷ ನೋಡೂಣು."

ಹತ್ತು ನಿಮಿಷ ನಲವತ್ತಾಯಿತು. ಫಲಕದಲ್ಲಿ ಹದಿನಾಲ್ಕು ಎಂದು ಮೂಡಿದಾಗ ದುರಗಪ್ಪ ಯಾರನ್ನೂ ಕೇಳದೆ ಗುದ್ದಲಿ ಹಿಡಿದು ಬೇಲಿ ಹತ್ತಿದ. ವಸುಧಾ ತಡೆಯಲು ಕೈ ಚಾಚಿದರು, ಆದರೆ ಹಿಡಿಯಲಿಲ್ಲ. ಆ ಮೊಸಳೆ ಬಾಯಿ ತೆರೆಯಲಿ, ದುರಗಪ್ಪನನ್ನು ಹೆದರಿಸಿ ಓಡಿಸಲಿ ಎಂದು ಅವರ ಮನಸ್ಸು ಒಂದು ಕ್ಷಣ ಬಯಸಿತು. ಮೊಸಳೆ ಅವನನ್ನು ನೋಡಿತು. ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಅವನು ಅಗೆಯುವವರೆಗೂ ಮಲಗಿಯೇ ಇತ್ತು.

ಒಂಬತ್ತು ಮರಿಗಳು ಬದುಕಿದ್ದವು. ದುರಗಪ್ಪ ಅವನ್ನು ಬುಟ್ಟಿಯಲ್ಲಿ ಒಯ್ದು ತಾಯಿಯ ಮೂತಿಯ ಮುಂದೆ ಬಿಟ್ಟ. ಒಂಬತ್ತೂ ಕೂಗಿದವು. ಮೊಸಳೆ ಬಿಸಿಲು ಸಾಕಾಯಿತೆಂಬಂತೆ ನಿಧಾನವಾಗಿ ತಿರುಗಿ ನೀರಿಗೆ ಇಳಿಯಿತು.

ವಸುಧಾ ಬಂದು ಯಂತ್ರದ ಗುಂಡಿ ಒತ್ತಿದರು. ಪೆಟ್ಟಿಗೆಯ ದನಿ ನಿಂತಿತು. ಮೂರು ಗಂಟೆಯ ಪ್ರದರ್ಶನ ಇಲ್ಲವೆಂದು ಕಚೇರಿಗೆ ಹೇಳಿ ಕಳಿಸಿದರು.

"ನಾ ಹಟಾ ಹಿಡೀಲಿಲ್ಲಂದ್ರ," ಎಂದರು ರುದ್ರಮ್ಮ, "ಮಧ್ಯಾಹ್ನನ ಎತ್ತತಿದ್ರೇನ್ರಿ?"

ಇಲ್ಲವೆನ್ನಬಹುದಿತ್ತು. "ಎತ್ತತಿದ್ವಿರಿ," ಎಂದರು ವಸುಧಾ.

"ಮೂವತ್ತೊಂದೂ ಬದುಕತಿದ್ವು?"

"ಬದುಕತಿದ್ವು. ಆದ್ರ ಗೂಡು ಎತ್ತದ ಬಿಟ್ಟಾಕಿ ನಾನ್ರಿ, ನೀವಲ್ಲ."

"ಕೇಳಿದಾಕಿ ನಾನ ಅಲ್ಲೇನ್ರಿ?" ರುದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಇನ್ನ ಯಂತ್ರ ಬಂದ್ ಮಾಡಿದ್ರ, ಮುಂದಿನ ವರ್ಷ ಆಕಿ ಬರತಾಳೇನ್ರಿ?"

"ಗೊತ್ತಿಲ್ರಿ. ಕೂಗಿದ್ರ ಬರಬೇಕು ಅನ್ನೂದು ಅದಕ್ಕ ಯಾರೂ ಕಲಿಸಿದ್ದಿಲ್ಲ. ಬರಬಾರದು ಅನ್ನೂದು ನಾವು ಕಲಿಸಿದ್ವಿ. ಅದನ್ನ ಮರೆಸೂದು ಹೆಂಗ ಅಂತ ನನಗ ತಿಳೀದು."

ನಾಲ್ಕು ಗಂಟೆಗೆ ಬಸ್ಸು ಹೊರಡಬೇಕಿತ್ತು. ರುದ್ರಮ್ಮ ಬಾಗಿಲಿನ ಬಳಿ ನಿಂತು, ಪಟ್ಟಿ ನೋಡಿ ಒಬ್ಬೊಬ್ಬರನ್ನೇ ಕರೆದು ಹತ್ತಿಸತೊಡಗಿದರು. ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ತಲೆ ಎತ್ತಲಿಲ್ಲ.

"ಶರಣವ್ವ."

"ಹಾಜರ್ ರೀ."

ಅವರು ಗುರುತು ಹಾಕಿದರು. ಶರಣವ್ವ ಮೆಟ್ಟಿಲು ಹತ್ತಲಿಲ್ಲ.

"ಅಕ್ಕೋರ, ನೀವು ನನ್ನ ನೋಡಲೇ ಇಲ್ಲ."

ರುದ್ರಮ್ಮನವರಿಗೆ ಆ ಹೊತ್ತು ಯಾವ ಮಗುವಿನ ಮುಖವನ್ನೂ ನೋಡಲಾಗುತ್ತಿರಲಿಲ್ಲ. ಪಟ್ಟಿಯ ಮೇಲೆ ಕಣ್ಣಿಟ್ಟೇ ಮುಂದಿನ ಹೆಸರು ಕರೆದರು. ಶರಣವ್ವ ಅಲ್ಲೇ ನಿಂತು ಮತ್ತೊಮ್ಮೆ, ಮೊದಲಿಗಿಂತ ಜೋರಾಗಿ, ಹಾಜರ್ ರೀ ಎಂದಳು.