ಸೊಂಟದ ದಾರದ ಏಳನೇ ಗಂಟು

"ಆ ದಾರಕ್ಕೆ ಮಾತ್ರ ಕತ್ತರಿ ಹಾಕ್ಬೇಡಿ ಡಾಕ್ಟ್ರೇ," ಎಂದಳು ಆಯಾ. "ಇವಳ ಅಕ್ಕನ ದಾರಾನೂ ಇದೇ ಮಂಚದ ಮೇಲೆ ಕತ್ತರಿಸಿದ್ರು. ಮಗು ಉಳೀಲಿಲ್ಲ."

ಹೆರಿಗೆ ಆಸ್ಪತ್ರೆಗೆ ಬಂದು ಇನ್ನೂ ಎರಡು ವಾರ ತುಂಬದ ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಹತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ, ಈಗ ಒಂದು ಕರಿದಾರಕ್ಕೆ ಹೆದರಬೇಕಂತೆ!

ಮಂಚದ ಮೇಲಿದ್ದವಳಿಗೆ ಹದಿನೇಳು. ಎಂಟನೇ ತಿಂಗಳು. ರಕ್ತದೊತ್ತಡ ಏರಿತ್ತು, ಹೊಟ್ಟೆಯಲ್ಲಿನ ಮಗು ಆರು ತಿಂಗಳಿನದರಷ್ಟೇ ಇತ್ತು. ಮಗುವಿನ ಅಪ್ಪ, ಅವಳ ಓರಗೆಯವನೇ, ಸುದ್ದಿ ತಿಳಿದ ದಿನವೇ ನಾಪತ್ತೆಯಾಗಿದ್ದ. ಸಾಕಿದ್ದು ದೊಡ್ಡಪ್ಪ, ಬೀಗ ರಿಪೇರಿ ಮಾಡುವವನು. ಸಿಟ್ಟು ನೆತ್ತಿಗೇರಿದಾಗ ಅವನು ಬೆಲ್ಟಿನಿಂದ ಬಾರಿಸಿ, ಅಂಗಡಿಯ ಹಿಂದಿನ ಉಗ್ರಾಣಕ್ಕೆ ದಬ್ಬಿ ಬೀಗ ಜಡಿಯುತ್ತಿದ್ದನೆಂದು, ತನ್ನ ಮಗು ಹೋದ ಮೇಲೆ ಅಕ್ಕ ಆಯಾಳಿಗೆ ಹೇಳಿದ್ದಳು. ಕೂಡಿಹಾಕಿದ ಸಲಕ್ಕೊಂದು ಗಂಟು, ಸೊಂಟದ ದಾರಕ್ಕೆ. ಗಂಟಿನ ಮೇಲೆ ಅವನು ಊದಿ ಹೇಳುವ ಮಾತು ಒಂದೇ: ಬಾಯಿಬಿಟ್ಟರೆ ನಿನಗೆ ಹುಟ್ಟುವುದು ಉಸಿರಾಡುವುದಿಲ್ಲ.

"ಅವನು ಹೇಳಿದ್ದು ತಿರುಗಾಮುರುಗಾ," ಎಂದಳು ಆಯಾ. "ಹೇಳ್ದೆ ಉಳಿದಿದ್ದೇ ಮಗುವಿನ ಕೊರಳಿಗೆ ಬೀಳೋದು. ಒಂದೊಂದೇ ಗಂಟು ಬಿಚ್ಚಬೇಕು. ಬಿಚ್ಚುವಾಗ ಇವಳು ಹೇಳ್ಬೇಕು, ಯಾರಾದ್ರೂ ಕೂತು ಕೇಳ್ಬೇಕು."

"ಕೂತು ಕೇಳೋಕೆ ಇದೇನು ಹರಟೆ ಕಟ್ಟೇನಾ? ಹೊರಗೆ ಇಪ್ಪತ್ತು ಜನ ಕಾಯ್ತಿದಾರೆ. ಚಿಕ್ಕಂದಿನಲ್ಲಿ ಏಟು ತಿನ್ನದೋರು ಯಾರಿದಾರೆ? ದೊಡ್ಡವರಾದ್ಮೇಲೆ ಮರೀಬೇಕಪ್ಪ."

ಮಗುವಿನ ಎದೆಬಡಿತ ಕೇಳಿಸುವ ಯಂತ್ರದ ಪಟ್ಟಿ ಕಟ್ಟಲು ದಾರ ಅಡ್ಡ ಬರುತ್ತಿತ್ತು. ಹುಡುಗಿ ಬೇಡವೆಂದು ತಲೆಯಾಡಿಸುತ್ತಲೇ ಇದ್ದಳು. ಡಾಕ್ಟರಮ್ಮ ಕಚಕ್ಕನೆ ಕತ್ತರಿಸಿ, ಪಟ್ಟಿ ಬಿಗಿದಳು.

ಟಕ್ ಟಕ್ ಟಕ್ ಎಂದು ಬಡಿತ ಕೇಳಿಸಿತು. ಆಮೇಲೆ ದೀಪ ಆರಿತು. ಹೊರಗೆ ಸುಡುವ ಮಧ್ಯಾಹ್ನ, ಆದರೆ ಕಿಟಕಿಯ ಗಾಜು ಮಸಿ ಬಳಿದಂತೆ ಕಪ್ಪಾಯಿತು. ಫಿನಾಯಿಲ್ ವಾಸನೆ ಹೋಗಿ ಹಸಿ ಗೋಣಿಚೀಲದ, ತುಕ್ಕು ಹಿಡಿದ ಕಬ್ಬಿಣದ ವಾಸನೆ ಮೂಗಿಗೆ ಅಡರಿತು. ಬಾಗಿಲ ಬಳಿ ಯಾರೋ ಬೀಗ ತಿರುಗಿಸಿದರು. ಆ ಬಾಗಿಲಿಗೆ ಬೀಗವೇ ಇರಲಿಲ್ಲ.

ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಯಂತ್ರದಲ್ಲಿ ಬಡಿತ ನಿಧಾನವಾಯಿತು. ನೂರು. ಎಂಬತ್ತು. ಹುಡುಗಿಯ ತುಟಿ ನೀಲಿಗಟ್ಟಿತು.

"ದಾರ ಹುಡುಕಿ!" ಆಯಾ ಕಿರುಚಿದಳು.

ಡಾಕ್ಟರಮ್ಮ ನೆಲದ ಮೇಲೆ ತಡಕಾಡಿದಳು. ಸಿಕ್ಕಿತು. ಐಸಿನಷ್ಟು ತಣ್ಣಗಿತ್ತು. ಉಗುರು ಹಾಕಿ ಮೊದಲ ಗಂಟು ಎಳೆದಳು. "ಹೇಳು ಪುಟ್ಟಿ. ನಾನು ಕೇಳ್ತಿದೀನಿ. ಹೇಳು!"

"ಏಳು ವರ್ಷ ನಂಗೆ. ಹಾಲು ಚೆಲ್ಲಿದ್ದೆ," ಎಂದಳು ಹುಡುಗಿ.

ಗಂಟು ಸಡಿಲಿತು. ಬಡಿತ ಒಂದಿಷ್ಟು ಏರಿತು.

"ಒಳಗಿಂದ ನೀರು ಕೇಳ್ದೆ ಅಂತ."

ಎರಡು. ಮೂರು. "ಅಕ್ಕನ್ನ ಕೂಗ್ದೆ ಅಂತ." ನಾಲ್ಕು. ಐದು. ಉಗುರು ಕಿತ್ತು ರಕ್ತ ಬಂತು. ಆರು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ದಾರದಲ್ಲಿ ಇದ್ದದ್ದೇ ಆರು ಗಂಟು.

ಆದರೆ ಬೆರಳಿಗೆ ಇನ್ನೊಂದು ಸಿಕ್ಕಿತು.

ಅದರಿಂದ ಬಂದದ್ದು ತುಕ್ಕಿನ ವಾಸನೆಯಲ್ಲ. ಗಡ್ಡದ ಸೋಪಿನದು. ಡಾಕ್ಟರಮ್ಮನ ಕೈ ನಿಂತುಹೋಯಿತು. ಅದು ಅವಳ ಅಪ್ಪನ ವಾಸನೆ.

"ಇದು ಇವಳದ್ದಲ್ಲ," ಎಂದಳು ಆಯಾ. "ಕತ್ತರಿಸಿದವರದ್ದು. ಹೇಳಿ ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ."

"ನಂಗೇನೂ ಆಗಿಲ್ಲ."

ಯೋಚಿಸಿ ಆಡಿದ ಮಾತಲ್ಲ ಅದು. ಶಾಲೆಯ ಟೀಚರಿಗೆ, ಗೆಳತಿಯರಿಗೆ, ಕಟ್ಟಿಕೊಂಡ ಗಂಡನಿಗೆ ಹೇಳಿ ಹೇಳಿ ರೂಢಿಯಾದದ್ದು, ಈಗಲೂ ತಾನಾಗಿಯೇ ಬಂತು.

ಬಡಿತ ನಿಂತಿತು.

ಕತ್ತಲಲ್ಲಿ ಉಳಿದದ್ದು ಯಂತ್ರದ ಗುಯ್ ಎನ್ನುವ ಸದ್ದೊಂದೇ. ಹುಡುಗಿ ಕೈಗಳಿಂದ ಹೊಟ್ಟೆ ತಬ್ಬಿಕೊಂಡಳು.

"ಹೊಡೀತಿದ್ರು!" ಡಾಕ್ಟರಮ್ಮ ಚೀರಿದಳು. "ನಮ್ಮಪ್ಪ. ದಿನಾ. ಗಡ್ಡ ಮಾಡ್ಕೊಂಡು ಬಂದು ಹೊಡೀತಿದ್ರು. ಅಮ್ಮ ರೇಡಿಯೋ ಜೋರು ಮಾಡ್ತಿದ್ಲು. ನಾನು ಯಾರಿಗೂ ಹೇಳಿಲ್ಲ. ಯಾರಿಗೂ!"

ಗಂಟು ಬಿಚ್ಚಿಕೊಂಡಿತು. ಒಂದು ಬಡಿತ. ಸುಮಾರು ಹೊತ್ತು ಏನೂ ಇಲ್ಲ. ಮತ್ತೊಂದು.

ದೀಪ ಹತ್ತಿದ್ದನ್ನು ಯಾರೂ ಗಮನಿಸಲಿಲ್ಲ. ಹುಡುಗಿಯನ್ನು ಓಡುತ್ತಲೇ ಆಪರೇಷನ್ ಕೋಣೆಗೆ ಒಯ್ದರು. ಬೆನ್ನಿಗೆ ಮಾತ್ರ ಅರಿವಳಿಕೆ ಕೊಟ್ಟಿದ್ದರಿಂದ ಅವಳಿಗೆ ಎಚ್ಚರವಿತ್ತು. ಹೆಣ್ಣು ಮಗು. ಒಂದೂಕಾಲು ಕೆಜಿ. ಉಸಿರಾಡುತ್ತಿತ್ತು. ಮುಖ ಕೆಂಪಾಗಿ, ಬಾಯಿ ಅಗಲಿಸಿ, ಮುಷ್ಟಿ ಬಿಗಿದು ಅಳುತ್ತಿತ್ತು. ಶಬ್ದ ಮಾತ್ರ ಇರಲಿಲ್ಲ. ಬೆನ್ನು ತಟ್ಟಿದರು, ಕೊಳವೆ ಇಳಿಸಿ ಗಂಟಲು ಶುಚಿಮಾಡಿದರು. ಬಾಯಿ ಇನ್ನಷ್ಟು ಅಗಲವಾಯಿತೇ ಹೊರತು ಸೊಲ್ಲು ಹೊರಡಲಿಲ್ಲ.

"ಡಾಕ್ಟ್ರೇ," ಹುಡುಗಿ ಕೇಳಿದಳು. "ಅಳ್ತಿಲ್ವಾ?"

ಎಲ್ಲ ಸರಿಯಿದೆ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಡಾಕ್ಟರಮ್ಮ ಅದನ್ನು ನುಂಗಿದಳು.

"ಅಳ್ತಿದಾಳೆ ಪುಟ್ಟಿ. ಶಬ್ದ ಬರ್ತಿಲ್ಲ. ಅಲ್ಲಿ ನಾನು ಮೊದಲು ನಂಗೇನೂ ಆಗಿಲ್ಲ ಅಂತ ಸುಳ್ಳು ಹೇಳಿದ್ನಲ್ಲ, ಅದಕ್ಕೆ."

ಹುಡುಗಿ ಬಯ್ಯಲಿಲ್ಲ. ಸೂಜಿ ಚುಚ್ಚಿದ್ದ ಕೈಯನ್ನೇ ಚಾಚಿದಳು.

"ಒಂದ್ಸಲ ಇಲ್ಲಿ ಕೊಡಿ. ಶಬ್ದ ಇಲ್ದೆ ಇದ್ರೂ ನಂಗೆ ಕೇಳ್ಸುತ್ತೆ."