ಗಾಳಕ್ಕೆ ಸಿಕ್ಕಿಸಿದ ಕಣಕ

ಹೆಣವನ್ನು ಮೊದಲು ಕಂಡವಳು ಬಾಯವ್ವ. ಬಟ್ಟೆ ಒಗೆಯಲು ಹಳ್ಳಕ್ಕೆ ಹೋದವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ನೇರ ಹೊರಠಾಣೆಗೆ ಬಂದಳು. ಹವಾಲ್ದಾರ ಶಟ್ಟೆಪ್ಪನ ಮುಂದೆ ನಿಂತು, "ಪರಪ್ಪ ಮಡುವಿನ್ಯಾಗ ಬೋರಲ ಬಿದ್ದಾನ್ರಿ. ಕರದರ ಏಳವಲ್ಲ," ಎಂದಳು.

೧೯೭೪ರ ವೈಶಾಖ ಮುಗಿಯುತ್ತ ಬಂದಿತ್ತು. ಚಚಡಿಯಾಚೆಗಿನ ಹಿರೇಮಡ್ಡಿಯಲ್ಲಿ ಹಳ್ಳ ಬತ್ತಿ, ಒಂದೇ ಒಂದು ಮಡುವಿನಲ್ಲಿ ನೀರು ಉಳಿದಿತ್ತು. ಅದೂ ಮೊಳಕಾಲು ಮುಳುಗುವಷ್ಟು. ಮೀನು ಹಿಡಿಯುವವರಿಗೆ ಇದೇ ಸುಗ್ಗಿ. ಹಳ್ಳದಲ್ಲಿ ಬದುಕುಳಿದ ಮೀನೆಲ್ಲ ಅಲ್ಲಿಗೆ ಬಂದು ಕೂಡಿರುತ್ತದೆ. ಪರಪ್ಪ ಬಲೆ ಬೀಸುವವನು, ಜಟ್ಟೆಪ್ಪ ಗಾಳ ಹಾಕುವವನು. ಮಡು ಒಂದೇ ಉಳಿದಾಗ ಇಬ್ಬರಿಗೂ ಜಗಳ ತಪ್ಪಿದ್ದಲ್ಲ.

ಫೌಜದಾರರು ಬರುವಷ್ಟರಲ್ಲಿ ದಂಡೆಯ ಮೇಲೆ ಅರ್ಧ ಊರು ನೆರೆದಿತ್ತು. ಪರಪ್ಪನ ಹಿಂದಲೆ ಒಡೆದಿತ್ತು. ಬಲಗೈಯಲ್ಲಿ ಒಂದು ಗಾಳದ ಕೋಲು. ಅದರ ದಾರ, ಕೊಂಡಿ ದಂಡೆಯ ಬಿಸಿ ಕಲ್ಲಿನ ಮೇಲೆ ಬಿದ್ದಿದ್ದವು. ಕೋಲಿನ ಹಿಡಿಗೆ ತಾಮ್ರದ ತಂತಿ ಸುತ್ತಿತ್ತು. ಅದು ಜಟ್ಟೆಪ್ಪನದು ಎಂದು ನಾಲ್ಕು ಬಾಯಿ ಒಟ್ಟಿಗೇ ಹೇಳಿದವು.

ಶಟ್ಟೆಪ್ಪ ಕೊಂಡಿಯನ್ನು ಎತ್ತಿ ನೋಡಿದ. ಅದರ ತುದಿಯಲ್ಲಿ ಹಳದಿ ಬಣ್ಣದ ಒಣಗಿದ ಹಿಟ್ಟು ಅಂಟಿತ್ತು. ಈ ಮಡುವಿನ ಗಾಳಕ್ಕೆ ಹಚ್ಚುವಂಥದ್ದಲ್ಲ ಅದು. ಹೇಳಬೇಕೆಂದು ಬಾಯಿ ತೆರೆದ. ಎದುರಿಗೆ ಪಂಚನಾಗಿ ನಿಂತವನು ಅವನ ಮನೆಯೊಡತಿ ಯಮುನಾಬಾಯಿಯ ಮಗ.

ಶಟ್ಟೆಪ್ಪ ಬಾಯಿ ಮುಚ್ಚಿಕೊಂಡು ಕೊಂಡಿಯನ್ನು ಕಾಗದದಲ್ಲಿ ಸುತ್ತಿದ.

* * *

ಹಿರೇಮಡ್ಡಿಗೆ ವರ್ಗವಾಗಿ ಬಂದಾಗ ಶಟ್ಟೆಪ್ಪನಿಗೆ ಯಾರೂ ಮನೆ ಕೊಟ್ಟಿರಲಿಲ್ಲ. ಕೊನೆಗೆ ಯಮುನಾಬಾಯಿ ಪಡಸಾಲೆಯ ಪಕ್ಕದ ಕೋಣೆ ಕೊಟ್ಟಳು. ಮೀನು, ಮಾಂಸ ತಿನ್ನುವವನೇನಪ್ಪಾ ಎಂದು ಕೇಳಿದ್ದಳು. ಹೆಂಡತಿ ತಲೆಯ ಮೇಲೆ ಗಂಟು ಹೊತ್ತು ಬಿಸಿಲಲ್ಲಿ ನಿಂತಿದ್ದಳು. ಇಲ್ಲ, ಅದರ ವಾಸನೆಯೂ ಗೊತ್ತಿಲ್ಲ ಎಂದು ಶಟ್ಟೆಪ್ಪ ಹೇಳಿಬಿಟ್ಟಿದ್ದ. ಗೊತ್ತಿಲ್ಲದವನು ಮೀನಿನ ಮಾತು ಆಡುವುದು ಹೇಗೆ?

ಫೌಜದಾರರ ಲೆಕ್ಕ ಸರಳವಾಗಿತ್ತು. ಇಬ್ಬರೂ ಕಿತ್ತಾಡಿದರು. ಪರಪ್ಪ ಗಾಳ ಕಸಿದುಕೊಂಡ. ಜಟ್ಟೆಪ್ಪ ಹಿಂದಿನಿಂದ ಕಲ್ಲು ಹಾಕಿದ. ಜಟ್ಟೆಪ್ಪ ಮಾತ್ರ ಒಂದೇ ಮಾತು ಹಿಡಿದಿದ್ದ. ಆ ದಿನ ತಾನು ಸವದತ್ತಿಯ ಸಂತೆಗೆ ಹೋಗಿದ್ದೆ, ಗಾಳವನ್ನು ಎಂದಿನಂತೆ ಲಕ್ಕಿಗಿಡದ ಪೊದೆಯಲ್ಲಿ ಇಟ್ಟಿದ್ದೆ, ಅಲ್ಲಿ ಅದು ಯಾರ ಕೈಗೂ ಸಿಗುತ್ತದೆ ಎಂದ. ಫೌಜದಾರರು ಲಾಠಿ ತರಿಸಿದರು. ಬೆರಳುಗಳ ಮೇಲೆ ಹೊಡೆದರು. ಮಣಿಕಟ್ಟು ಅಲುಗಾಡದಂತೆ ಹಿಡಿದುಕೊಂಡವನು ಶಟ್ಟೆಪ್ಪ.

ಮರುದಿನವೂ ಹಿಡಿದ.

ಜಟ್ಟೆಪ್ಪನ ಹೆಂಡತಿ ರಾಯವ್ವ ಠಾಣೆಯ ಬಾಗಿಲಲ್ಲಿ ಕುಳಿತೇ ಇದ್ದಳು. ಊಟ ಮಾಡಿದೆಯಾ ಎಂದು ಶಟ್ಟೆಪ್ಪ ಕೇಳಿದ. ಎಲೆತೋಟದ ನಿಜಗುಣಪ್ಪಗೌಡರು ಮನೆಗೆ ಜೋಳದ ಚೀಲ ಕಳಿಸಿದ್ದಾರೆ, ದೇವರಂಥ ಮನುಷ್ಯ ಎಂದಳು. ನಂತರ ತಲೆ ಎತ್ತಿ, "ನಾಳಿ ಕೋರ್ಟಿಗೆ ಒಯ್ತಾರಂತ. ಒಪ್ಪಿಕೊಂಡಾನಂತ ಬರಿತಾರಂತ. ಹೌದೇನ್ರಿ, ಹವಾಲ್ದಾರ್ರ?" ಎಂದಳು.

ಶಟ್ಟೆಪ್ಪ ಒಳಗೆ ಹೋಗಿ, ಕಾಗದ ಬಿಚ್ಚಿ, ಕೊಂಡಿಯನ್ನು ಮೂಗಿನ ಹತ್ತಿರ ಹಿಡಿದ. ಗೋಧಿ, ಅರಿಶಿನ, ಎಣ್ಣೆ. ಹೋಳಿಗೆಯ ಕಣಕ.

ಜೋಳದ ರೊಟ್ಟಿಯ ಊರದು. ಹಬ್ಬವಿಲ್ಲದ ದಿನ ಹೋಳಿಗೆ ಮಾಡಿದ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹೆಣ ಸಿಕ್ಕ ಹಿಂದಿನ ದಿನ ಆ ಮನೆಯಿಂದ ಠಾಣೆಗೂ ಹೋಳಿಗೆ ಬಂದಿದ್ದವು. ಶಟ್ಟೆಪ್ಪ ಎರಡು ತಿಂದಿದ್ದ.

ಕೊಂಡಿಯನ್ನು ಮತ್ತೆ ಕಾಗದದಲ್ಲಿ ಸುತ್ತಿದ. ಆಮೇಲೆ ಎದ್ದು ಫೌಜದಾರರ ಕೋಣೆಗೆ ಹೋದ.

* * *

ಮುಂಜಾನೆ ಮಡುವಿನ ದಂಡೆಗೆ ನಿಜಗುಣಪ್ಪನನ್ನು ಕರೆಸಿದರು. ಪಂಚರೂ ಬಂದರು. ನಿಜಗುಣಪ್ಪನದು ತುಂಬಿದ ಮೈ, ಹಣೆಯ ತುಂಬ ವಿಭೂತಿ. ಪರಪ್ಪನ ಸಾವು ತನಗೆ ಬಹಳ ಸಂಕಟ ತಂದಿದೆ ಎಂದ. ಅದು ಸುಳ್ಳೆಂದು ಶಟ್ಟೆಪ್ಪನಿಗೆ ಅನ್ನಿಸಲಿಲ್ಲ.

ಶಟ್ಟೆಪ್ಪ ಬೇರೊಂದು ಗಾಳ ತಂದಿದ್ದ. ಜೊತೆಗೆ ಚಿಪ್ಪಿನಲ್ಲಿ ಎರೆಹುಳ.

"ಗೌಡ್ರ, ಈ ಹುಳಾ ಕೊಂಡಿಗೆ ಚುಚ್ರಿ."

ನಿಜಗುಣಪ್ಪ ಕೈ ಹಿಂದೆ ಕಟ್ಟಿಕೊಂಡ. "ನನಗ್ಯಾಕ ಹಚ್ಚತೀರಿ? ನಾವು ಇಂಥಾದ್ದು ಮುಟ್ಟಾವರಲ್ಲ."

"ಒಮ್ಮೆ ಚುಚ್ರಿ. ಮೀನ ಬೀಳತೈತೇನ ನೋಡೂಣು."

"ಬ್ಯಾಡ್ರಿ. ಅದರಾಗ ಜೀವ ಐತಿ."

"ಪರಪ್ಪನ್ಯಾಗೂ ಇತ್ರಿ."

ನಿಜಗುಣಪ್ಪನ ಕಣ್ಣು ಹುಳದ ಮೇಲೆಯೇ ನೆಟ್ಟಿತ್ತು.

ಶಟ್ಟೆಪ್ಪ ಪಂಚರ ಕಡೆ ತಿರುಗಿದ. ಕಾಗದ ಬಿಚ್ಚಿ ಹಳೆಯ ಕೊಂಡಿ ತೋರಿಸಿದ. ಬೇಸಿಗೆಯ ಕೊನೆಗೆ ಈ ಕೆಸರು ನೀರಿನಲ್ಲಿ ಉಳಿಯುವುದು ಮರಳ ಮೀನು ಒಂದೇ ಎಂದ. ಅದು ಜೀವ ಇರುವುದನ್ನೇ ಬೇಟೆಯಾಡಿ ತಿನ್ನುತ್ತದೆ. ಕಪ್ಪೆಮರಿ, ಎರೆಹುಳ. ಹಿಟ್ಟನ್ನು ಮೂಸಿಯೂ ನೋಡದು. ಇದು ಜಟ್ಟೆಪ್ಪನಿಗೆ ಗೊತ್ತು. ಬಲೆ ಬೀಸುತ್ತಿದ್ದ ಪರಪ್ಪನಿಗೂ ಗೊತ್ತು. ಅವರಿಬ್ಬರೂ ಕೊಂಡಿಗೆ ಕಣಕ ಹಚ್ಚುವವರಲ್ಲ. ಹಚ್ಚಿದವನು ಮೂರನೆಯವನು. ಗುಡಿಯ ಹೊಂಡದಲ್ಲಿ ಮೀನಿಗೆ ಹಿಟ್ಟಿನ ಉಂಡೆ ಹಾಕಿದ್ದನ್ನು ಬಿಟ್ಟರೆ ಮೀನಿನ ಬಗ್ಗೆ ಏನೂ ಅರಿಯದವನು.

"ಆ ದಿನ ನಿಮ್ಮ ಬಸರಿ ಮಗಳ ಕುಬಸ ಇತ್ತು, ಗೌಡ್ರ. ಕಣಕ ನಾದಿದ್ದು ನಿಮ್ಮ ಮನಿ ಒಂದರಾಗ. ಮಡುವಿಗೆ ಹತ್ತಿರದ ತೋಟಾನೂ ನಿಮ್ದ."

ಯಮುನಾಬಾಯಿಯ ಮಗ ಹುಬ್ಬೇರಿಸಿದ. ಇಷ್ಟೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಿದ.

"ರಾಮದುರ್ಗದ ಕಡೆ ಹಳ್ಳದಾಗ ನಮ್ಮವ್ವ ಮರಳ ಹಿಡೀತಿದ್ಲು. ನಾವು ತಿಂದ ಬೆಳದವ್ರು," ಎಂದ ಶಟ್ಟೆಪ್ಪ. ಅವನ ಮುಖ ನೋಡಲಿಲ್ಲ.

ನಿಜಗುಣಪ್ಪ ಅಲ್ಲೇ ಕಲ್ಲಿನ ಮೇಲೆ ಕುಸಿದು ಕುಳಿತ. ಹೇಳುವುದನ್ನೆಲ್ಲ ನೆಲ ನೋಡುತ್ತ ಹೇಳಿದ. ಎಲೆಬಳ್ಳಿ ಒಣಗುತ್ತಿತ್ತು. ಮಡುವಿಗೆ ಎಂಜಿನ್ ಹಚ್ಚಿ ನೀರೆತ್ತುತ್ತಿದ್ದ. ಸಂಜೆ ಬೀಗರು ಹೋದ ಮೇಲೆ ಹೆಂಡತಿ ಕೆಂಪವ್ವ ಉಳಿದ ಕಣಕ ಕೊಟ್ಟು, ಬಸುರಿ ಮಗಳ ಹೆಸರಲ್ಲಿ ಮೀನಿಗೆ ಹಾಕಿ ಬಾ ಎಂದಿದ್ದಳು. ಬಂದು ನೋಡಿದರೆ ಪರಪ್ಪ ಎಂಜಿನ್ನಿನ ಪೈಪು ಕಿತ್ತು ಎಸೆಯುತ್ತಿದ್ದ. ಇದೊಂದು ನೀರೂ ಹೋದರೆ ಮೀನೆಲ್ಲ ಸಾಯುತ್ತವೆ, ನಾನು ಏನು ತಿನ್ನಲಿ ಎಂದು ಕೂಗಾಡಿದ.

"ಒಂದ ಸಲ ನೂಕಿದ್ನಿರಿ. ಕಲ್ಲ ಬಡೀತು. ತಾನ ಜಾರಿ ಸತ್ತಾನ ಅನ್ನಲಿ ಅಂತ ಪೊದ್ಯಾಗ ಕಂಡ ಗಾಳ ತಂದ ಕೈಯಾಗ ಇಟ್ಟೆ. ಬರೇ ಕೊಂಡಿ ಇದ್ರ ನಂಬೂದಿಲ್ಲ ಅನಿಸ್ತು, ಇದ್ದ ಕಣಕ ಹಚ್ಚಿದ್ನಿ. ಗಾಳ ಜಟ್ಟೆಪ್ಪಂದು ಅಂತ ನನಗ ಖರೇನ ಗೊತ್ತಿರಲಿಲ್ಲ."

"ಮುಂಜಾನಿ ಗೊತ್ತಾತಲ್ರಿ," ಎಂದರು ಫೌಜದಾರರು.

"ಆತ್ರಿ. ಮಗಳ ಹೆರಿಗಿ ಒಂದ ಆಗಲಿ, ಆಮ್ಯಾಲೆ ಹೇಳೂಣು ಅಂತ... ಅದಕ್ಕ ಜೋಳಾ ಕಳಿಸಿದ್ನಿ."

ಫೌಜದಾರರು ಬೇಡಿ ಹಾಕಿಸಿದರು. ಹೊರಡುವ ಮುಂಚೆ ನಿಜಗುಣಪ್ಪ ಶಟ್ಟೆಪ್ಪನಿಗೆ ಕೈ ಮುಗಿದ. ಅದೊಂದು ಬೇಡವಾಗಿತ್ತು.

* * *

ಲಾಕಪ್ಪಿನ ಬಾಗಿಲು ತೆರೆದವನೂ ಶಟ್ಟೆಪ್ಪನೇ. ಜಟ್ಟೆಪ್ಪ ಗೋಡೆಗೆ ಒರಗಿ ಕುಳಿತಿದ್ದ. ಶಟ್ಟೆಪ್ಪ ಎಲ್ಲವನ್ನೂ ತಿಳಿಸಿದ. ಕಣಕ, ಕುಬಸ, ಎಂಜಿನ್. ಜಟ್ಟೆಪ್ಪ ಪೂರಾ ಕೇಳಿಸಿಕೊಂಡ. ಮರಳ ಹಿಡಿಯುವ ಗಾಳಕ್ಕೆ ಗೌಡ ಹಿಟ್ಟು ಹಚ್ಚಿದ ಎಂಬಲ್ಲಿ ತುಟಿ ಸೊಟ್ಟಗಾಗಿ ಒಂದಿಷ್ಟು ನಕ್ಕ.

ನಂತರ ಕೇಳಿದ. "ಆ ಹಿಟ್ಟ ನೀವು ಕಂಡಿದ್ದು ಯಾವಾಗ್ರಿ?"

ನಿನ್ನೆ ಎನ್ನಬಹುದಿತ್ತು. ಯಾರೂ ತಕರಾರು ತೆಗೆಯುತ್ತಿರಲಿಲ್ಲ.

"ಮೊದಲನೇ ದಿನಾನ. ಹೆಣ ಎತ್ತೂ ಮುಂಚೆ."

ಜಟ್ಟೆಪ್ಪ ಬೈಯಲಿಲ್ಲ. ಎದ್ದು ಅಂಗಿ ತೊಟ್ಟುಕೊಂಡ. ಗುಂಡಿ ಹಾಕಲು ಹೋದ. ಊದಿದ ಬೆರಳುಗಳಿಗೆ ಗುಂಡಿ ಸಿಗಲೇ ಇಲ್ಲ. ಮತ್ತೆ ಮತ್ತೆ ಜಾರಿತು. ಶಟ್ಟೆಪ್ಪ ತಡೆಯಲಾರದೆ ಕೈ ಮುಂದೆ ಚಾಚಿದ.

ಜಟ್ಟೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ. ಹೊರಗ ರಾಯವ್ವ ಅದಾಳ."

ತೆರೆದ ಅಂಗಿಯಲ್ಲೇ ಹೊಸ್ತಿಲು ದಾಟಿ ಬಿಸಿಲಿಗೆ ಹೋದ. ಚಾಚಿದ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಶಟ್ಟೆಪ್ಪ ನಿಂತೇ ಇದ್ದ.